ಕರುಳಿನ ತುದಿಯವರೆಗೆ

ಬೆಚ್ಚಗಿನ ಮೊಟ್ಟೆಗೆ ಒಂದು ವಾಸನೆಯಿದೆ. ಅಡುಗೆಮನೆಯಲ್ಲಿ ಬೇಯುವ ಮೊಟ್ಟೆಯದಲ್ಲ, ಕಾವಿಗಿಟ್ಟ ಮೊಟ್ಟೆಯದು. ಹಸಿ ಸುಣ್ಣದ ಗೋಡೆಗೆ ಬಿಸಿಲು ಬಿದ್ದಾಗ ಬರುವ ವಾಸನೆಗೆ ಹತ್ತಿರದ್ದು. ಮೊನ್ನೆ ಮಡಕಶಿರದ ನಮ್ಮ ಕಾಲೇಜಿನ ಲ್ಯಾಬಿನಲ್ಲಿ ಕಾವುಪೆಟ್ಟಿಗೆಯ ಮುಚ್ಚಳ ತೆಗೆದಾಗ ಆ ವಾಸನೆ ಮುಖಕ್ಕೆ ಬಂತು. ಹುಡುಗಿಯರು ಮೇಜಿನ ಸುತ್ತ ನಿಂತು ನಾನು ಮಾತಾಡಲೆಂದು ಕಾಯುತ್ತಿದ್ದರು. ನನ್ನ ಕಣ್ಣ ಮುಂದೆ ಮಾತ್ರ ರಾಯದುರ್ಗದ ಆ ಮಾಳಿಗೆ ಕೋಣೆ ಬಂದು ನಿಂತಿತ್ತು.

ಕೆಲಸ ಸಿಕ್ಕ ಮೊದಲ ವರ್ಷ ನನ್ನನ್ನು ರಾಯದುರ್ಗಕ್ಕೆ ಹಾಕಿದ್ದರು. ಪ್ರಾಣಿಶಾಸ್ತ್ರ ಪಾಠ ಹೇಳುವ ಕೆಲಸ. ನನ್ನೂರು ಮಡಕಶಿರದ ಪಕ್ಕದ ಗುಡಿಬಂಡೆ ಹತ್ತಿರದ ಹಳ್ಳಿ. ಮನೆಯಲ್ಲಿ ಹಿಪ್ಪುನೇರಳೆ ತೋಟ, ರೇಷ್ಮೆಹುಳು ಸಾಕಣೆ. ಅಲ್ಲಿಂದ ಬಸ್ಸು ಬದಲಿಸುತ್ತಾ ರಾಯದುರ್ಗ ಮುಟ್ಟುವಷ್ಟರಲ್ಲಿ ಅರ್ಧ ದಿನ ಹೋಗುತ್ತಿತ್ತು. ಎರಡೂ ಗಡಿಯಾಚೆಯ ಊರುಗಳು, ಮನೆಯೊಳಗೆ ಕನ್ನಡ, ಕಚೇರಿಯಲ್ಲಿ ತೆಲುಗು. ಆದರೂ ಕನ್ನಡ ಒಂದೇ ಅಲ್ಲ. ನಾನು "ಬತ್ತೀನಿ ಕಣಮ್ಮ" ಅಂದರೆ ಅಲ್ಲಿ ನಗುತ್ತಿದ್ದರು.

ಬಾಡಿಗೆಗೆ ಸಿಕ್ಕಿದ್ದು ಬೆಟ್ಟದ ಬುಡದ ಬೀದಿಯಲ್ಲಿ ಒಂದು ಮಾಳಿಗೆ ಕೋಣೆ. ಕೆಳಗೆ ಮನೆಯವರ ಹೊಲಿಗೆ ಕೆಲಸ. ಜೀನ್ಸ್ ಪ್ಯಾಂಟುಗಳ ರಾಶಿ, ದಿನವಿಡೀ ಮಷೀನಿನ ಸದ್ದು, ಎಲ್ಲೆಲ್ಲೂ ನೀಲಿ ನೂಲಿನ ಧೂಳು. ಆಷಾಢದ ಗಾಳಿ ಬೀಸಿದರೆ ಆ ನೀಲಿ ಧೂಳು ನನ್ನ ಮೊಸರಿನ ಬಟ್ಟಲಿಗೂ ಬಂದು ಕೂರುತ್ತಿತ್ತು. ಮನೆಯ ಯಜಮಾನಿ ಹನುಮಕ್ಕ ಅರವತ್ತು ದಾಟಿದವರು, ಹೊಲಿದ ಪ್ಯಾಂಟುಗಳ ದಾರ ಕತ್ತರಿಸುತ್ತಾ ಬಾಗಿಲಲ್ಲೇ ಕೂತಿರುತ್ತಿದ್ದರು. ಮಗ ವೀರೇಶ ಬಟ್ಟೆ ಕತ್ತರಿಸುವವನು. ಮಾತು ಬಹಳ ಕಡಿಮೆ. ಸೊಸೆ ರೇಣುಕಾ ಜೇಬು ಹೊಲಿಯುತ್ತಿದ್ದಳು. ನಾನು ಹೋದಾಗ ಅವಳಿಗೆ ಐದು ತಿಂಗಳು. ಚಿಕ್ಕವಳಿದ್ದಾಗಲೇ ತಾಯಿ ತೀರಿಕೊಂಡಿದ್ದರಿಂದ ಚೊಚ್ಚಲ ಬಾಣಂತನಕ್ಕೆ ಹೋಗಲು ಅವಳಿಗೆ ತವರು ಅಂತ ಇರಲಿಲ್ಲ. "ಇಲ್ಲೇ ಮಾಡ್ತೀನಿ ಬಿಡ್ರಿ, ನಾನೇನು ಸತ್ತೀನೇನು" ಎಂದು ಹನುಮಕ್ಕ ಮೊದಲ ದಿನವೇ ನನಗೆ ಹೇಳಿದ್ದರು. ಆಮೇಲೆ ದಿನಾ ಬೆಳಿಗ್ಗೆ ನನಗೂ ಬಿಸಿ ರೊಟ್ಟಿ ಮೇಲಕ್ಕೆ ಬರತೊಡಗಿತು.

ಕಾಲೇಜಿನಲ್ಲಿ ಆ ವರ್ಷ ಭ್ರೂಣಶಾಸ್ತ್ರದ ಪಾಠ ನನ್ನ ಪಾಲಿಗೆ ಬಂದಿತ್ತು. ಬೋರ್ಡಿನ ಮೇಲೆ ಚಿತ್ರ ಬರೆದು ಹೇಳುತ್ತಿದ್ದೆ. ಭ್ರೂಣದ ಬೆನ್ನಿನ ಮೇಲೆ ಮೊದಲು ಒಂದು ತಗ್ಗು ಮೂಡುತ್ತದೆ. ಅದರ ಎರಡು ಅಂಚುಗಳು ಮೇಲೆದ್ದು, ಬಾಗಿ, ಒಂದಕ್ಕೊಂದು ಕೂಡಿಕೊಂಡು ಕೊಳವೆಯಾಗುತ್ತದೆ. ಮುಂದೆ ಮಿದುಳು, ಬೆನ್ನುಹುರಿ ಆಗುವುದು ಅದೇ. ಅಂಚುಗಳು ಕೂಡುವ ಆ ಏಣಿನಲ್ಲಿರುವ ಜೀವಕೋಶಗಳು ಮಾತ್ರ ಹುಟ್ಟಿದ ಜಾಗದಲ್ಲಿ ಉಳಿಯುವುದಿಲ್ಲ. ಅಷ್ಟು ಹೊತ್ತು ಅಕ್ಕಪಕ್ಕದವುಗಳಿಗೆ ಬಿಗಿಯಾಗಿ ಅಂಟಿಕೊಂಡಿದ್ದ ಅವು ಹಿಡಿತ ಸಡಿಲ ಮಾಡುತ್ತವೆ. ಇಟ್ಟಿಗೆಯಂಥ ಆಕಾರ ಹೋಗಿ ಮೈ ಉದ್ದವಾಗುತ್ತದೆ. ಪುಟ್ಟ ಪಾದದಂಥದ್ದನ್ನು ಮುಂದೆ ಚಾಚಿ, ಅಡಿಯ ತೆಳು ಪೊರೆ ದಾಟಿ ಹೊರಡುತ್ತವೆ. ಕೆಲವು ಚರ್ಮ ಸೇರಿ ಬಣ್ಣ ಕೊಡುತ್ತವೆ, ಕೆಲವು ಮುಖದ ಮೂಳೆಯಾಗುತ್ತವೆ. ಕತ್ತಿನ ಹತ್ತಿರದಿಂದ ಹೊರಟವು ಕರುಳನ್ನು ಸೇರಿ, ಅದರ ಉದ್ದಕ್ಕೂ ಸಾಗಿ, ಕರುಳಿನ ನರಗಳಾಗುತ್ತವೆ.

"ಹೊರಡು ಅಂತ ಯಾರು ಹೇಳ್ತಾರ ಮೇಡಂ?" ಎಂದು ಮುಂದಿನ ಬೆಂಚಿನ ಹುಡುಗಿ ಕೇಳಿದ್ದಳು.

ಸುತ್ತಲಿನ ಅಂಗಾಂಶಗಳಿಂದ ಬರುವ ಸಂಕೇತಗಳ ಬಗ್ಗೆ ಹೇಳಿದೆ. ದಾರಿ ಮಧ್ಯೆ ನಿಂತರೆ ಏನಾಗುತ್ತದೆ ಎಂಬ ಬಗ್ಗೆ ಪಠ್ಯದಲ್ಲಿ ಒಂದು ಸಾಲಿತ್ತು. ಅದನ್ನೂ ಓದಿ ಮುಂದಿನ ಪುಟಕ್ಕೆ ಹೋದೆ.

ಗಣೇಶನ ಹಬ್ಬದ ರಜೆ ಬಂದಾಗ ಕಾಲೇಜಿನ ಕಾವುಪೆಟ್ಟಿಗೆಯಲ್ಲಿ ನಾಟಿಕೋಳಿ ಮೊಟ್ಟೆಗಳಿದ್ದವು. ಕಾವುಪೆಟ್ಟಿಗೆ ಎಂದರೆ ಥರ್ಮಾಕೋಲ್ ಡಬ್ಬ, ಒಳಗೊಂದು ಬಲ್ಬು, ಒಂದು ಬಟ್ಟಲು ನೀರು, ಅಷ್ಟೆ. ಮೊಟ್ಟೆಗಳನ್ನು ಆಗಾಗ ತಿರುಗಿಸಬೇಕು. ರಜೆಯಲ್ಲಿ ಯಾರೂ ಇರುವುದಿಲ್ಲವೆಂದು ಡಬ್ಬವನ್ನು ಕೋಣೆಗೇ ತಂದೆ. ರೇಣುಕಾ ಏನಿದು ನೋಡಲು ಬಂದವಳು ಅಲ್ಲೇ ಕೂತಳು.

"ನಾನ ತಿರುಗಸ್ತೀನಿ ಬಿಡ್ರಿ ಅಕ್ಕಾ. ಮಷೀನ್ ಮುಂದ ಕುಂತು ಕುಂತು ನಡಾ ನೋಯ್ತೈತಿ. ಮ್ಯಾಲ ಹತ್ತಿ ಬಂದ್ರ ಹಗುರಾಗ್ತೈತಿ" ಅಂದಳು.

ಹಾಗೆ ಮೊಟ್ಟೆ ತಿರುಗಿಸುವ ಕೆಲಸ ಅವಳದಾಯಿತು. ಒಂದು ಕೈ ಸೊಂಟದ ಮೇಲಿಟ್ಟುಕೊಂಡು ನಿಧಾನವಾಗಿ ಮೆಟ್ಟಿಲು ಹತ್ತಿ ಬರುವಳು, ಒಂದೊಂದನ್ನೂ ಎರಡು ಬೆರಳಲ್ಲಿ ಹಿಡಿದು ಹೊರಳಿಸುವಳು. ಮೂರು ದಿನವಾದ ಮೇಲೆ ಒಂದು ಮೊಟ್ಟೆಯ ಚಿಪ್ಪಿನಲ್ಲಿ ಕಿಂಡಿ ಕತ್ತರಿಸಿ ಅವಳಿಗೆ ತೋರಿಸಿದೆ. ಹಳದಿಯ ಮೇಲೆ ಕೆಂಪು ಎಳೆಗಳು ಹರಡಿದ್ದವು. ನಡುವೆ ಸಾಸಿವೆಯಷ್ಟು ದೊಡ್ಡದು ಏನೋ ಮಿಡಿಯುತ್ತಿತ್ತು. ಅದು ಹೃದಯ ಅಂದೆ. ಅವಳು ಬಹಳ ಹೊತ್ತು ಬಗ್ಗಿ ನೋಡಿದಳು.

"ಇದಕ್ಕ ಅವ್ವ ಹತ್ರ ಇಲ್ಲಲ್ರಿ. ಹೆಂಗ ಬೆಳೀತೈತಿ?"

"ಬೆಚ್ಚಗಿದ್ರೆ ಬೆಳೀತೈತೆ ಕಣಮ್ಮ. ಬೇಕಾಗಿದ್ದೆಲ್ಲ ಒಳಗೇ ಕಟ್ಟಿಟ್ಟೈತೆ."

ರೊಟ್ಟಿ ಕೊಡಲು ಬಂದ ಹನುಮಕ್ಕ ಬಾಗಿಲಲ್ಲಿ ನಿಂತಿದ್ದರು. ಕತ್ತರಿಸಿದ ಮೊಟ್ಟೆ ನೋಡಿ ಅವರ ಮುಖ ಬಿಳಿಚಿಕೊಂಡಿತು. "ಬಸುರಿ ಹೆಂಗಸು ಒಡದ ಮೊಟ್ಟಿ ನೋಡಬಾರದು. ನಡಿ ಕೆಳಗ" ಅಂದರು. ದನಿ ಏರಿಸಲಿಲ್ಲ. ರೊಟ್ಟಿಯ ತಟ್ಟೆಯನ್ನು ಹೊಸ್ತಿಲ ಮೇಲಿಟ್ಟು, ಸೊಸೆಯ ತೋಳು ಹಿಡಿದುಕೊಂಡು ಇಳಿದು ಹೋದರು.

ದೀಪಾವಳಿಯ ವಾರದಲ್ಲಿ ರೇಣುಕಾಗೆ ಹೆರಿಗೆಯಾಯಿತು. ಹೆಣ್ಣು ಕೂಸು, ತಲೆ ತುಂಬ ಕೂದಲು. ಹನುಮಕ್ಕ ಬೀದಿಗೆಲ್ಲ ಸಕ್ಕರೆ ಹಂಚಿದರು. ಮಾರನೆಯ ದಿನ ಕೂಸು ಹಾಲು ಬಿಟ್ಟಿತು. ಅದರ ಮಾರನೆಯ ದಿನ ಹಸಿರು ವಾಂತಿ. ಹುಟ್ಟಿದಾಗಿನಿಂದ ಒಮ್ಮೆಯೂ ಕಕ್ಕ ಮಾಡಿರಲಿಲ್ಲ, ಹೊಟ್ಟೆ ಬೆಣಚುಕಲ್ಲಿನ ಹಾಗೆ ಗಟ್ಟಿಯಾಗಿ ಉಬ್ಬಿತ್ತು. ಊರಿನ ಡಾಕ್ಟರು ಕೂಡಲೇ ಬಳ್ಳಾರಿಗೆ ಕರೆದುಕೊಂಡು ಹೋಗಿ ಅಂದರು. ವೀರೇಶ ಕಾರು ತಂದು ನಿಲ್ಲಿಸಿ, ನನ್ನ ಕೋಣೆಗೆ ಬಂದು, "ಮೇಡಂ, ನೀವೂ ಬರ್ರಿ. ಡಾಕ್ಟ್ರು ಇಂಗ್ಲಿಷ್‌ನಾಗ ಏನರ ಅಂದ್ರ ನಮಗ ತಿಳಿಯಂಗಿಲ್ಲ" ಅಂದ.

ಕಾರಿನ ಮುಂದಿನ ಸೀಟಿನಲ್ಲಿ ಕೂತಿದ್ದ ಹನುಮಕ್ಕ ನನ್ನ ಕಡೆ ತಿರುಗದೆ, "ಮೇಡಮ್ಮ ಬರೂದು ಬ್ಯಾಡ. ಒಡದ ಮೊಟ್ಟಿ ತೋರಿಸಿದ್ದು ಸಾಕು" ಅಂದರು.

ನಾನು ಬಾಗಿಲ ಹಿಡಿ ಬಿಟ್ಟು ಹಿಂದೆ ಸರಿದೆ. ಹಿಂದಿನ ಸೀಟಿನಲ್ಲಿ ಕೂಸನ್ನು ಎದೆಗೊತ್ತಿಕೊಂಡಿದ್ದ ರೇಣುಕಾ, ಹೆತ್ತು ಎರಡೇ ದಿನವಾಗಿದ್ದವಳು, ಬದಿಗೆ ಸರಿದು ಜಾಗ ಮಾಡಿದಳು. "ಅಕ್ಕ ಬರಲಿ ಅತ್ತಿ" ಅಂದಳು. ಅತ್ತೆಗೆ ಅವಳು ಎದುರಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಹತ್ತಿ ಕೂತೆ. ದಾರಿಯುದ್ದಕ್ಕೂ ಅದಿರಿನ ಲಾರಿಗಳು, ಕೆಂಪು ಧೂಳು.

ಬಳ್ಳಾರಿಯ ಆಸ್ಪತ್ರೆಯಲ್ಲಿ ಮಕ್ಕಳ ಶಸ್ತ್ರಚಿಕಿತ್ಸೆ ಮಾಡುವ ಡಾಕ್ಟರಮ್ಮ ಎಕ್ಸ್‌ರೇ ನೋಡಿ, ಕರುಳಿನ ತುದಿಯಿಂದ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಹೊಟ್ಟೆ ಅಷ್ಟು ಉಬ್ಬಿದ್ದರಿಂದ ಕಾಯದೆ, ಕರುಳನ್ನು ಹೊಟ್ಟೆಯ ಮೇಲೆ ತಂದು ಅಲ್ಲಿಂದಲೇ ಮಲ ಹೋಗುವಂತೆ ದಾರಿ ಮಾಡಿದರು. ಪರೀಕ್ಷೆಯ ಫಲ ಬಂದ ಮೇಲೆ ನನ್ನನ್ನೂ ವೀರೇಶನನ್ನೂ ಕರೆದು ಕೂರಿಸಿಕೊಂಡು, ಕಾಗದದ ಮೇಲೆ ಕರುಳಿನ ಚಿತ್ರ ಬರೆದು, ಕೆಳಗಿನ ತುದಿಯನ್ನು ಪೆನ್ನಿನಿಂದ ಗೀಚಿದರು.

"ಇಲ್ಲಿವರೆಗೆ ನರ ಇದಾವೆ. ಈ ತುದಿಯಲ್ಲಿ ಇಲ್ಲ. ನರ ಇಲ್ಲದ ಕರುಳು ಸಡಿಲ ಆಗಲ್ಲ, ಹಿಂಡಿಕೊಂಡೇ ಇರುತ್ತೆ. ಮಗು ದೊಡ್ಡದಾಗಲಿ. ಇನ್ನೊಂದು ಆಪರೇಷನ್‌ನಲ್ಲಿ ಈ ತುಂಡು ತೆಗೆದು, ಒಳ್ಳೇ ಕರುಳನ್ನು ಕೆಳಕ್ಕೆ ಎಳೆದು ಸೇರಿಸ್ತೀವಿ."

ನಾನು ಆ ಗೀಚಿದ ಜಾಗವನ್ನೇ ನೋಡುತ್ತಿದ್ದೆ. ಬೋರ್ಡಿನ ಮೇಲೆ ನಾನೇ ಬಾಣದ ಗುರುತು ಹಾಕಿ ತೋರಿಸಿದ್ದ ದಾರಿ ಅದು. ತರಗತಿಯಲ್ಲಿ ಒಂದು ಸಾಲಾಗಿದ್ದದ್ದು ಪಕ್ಕದ ವಾರ್ಡಿನಲ್ಲಿ ಸಣ್ಣ ದನಿಯಲ್ಲಿ ಅಳುತ್ತಾ ಮಲಗಿತ್ತು.

ಅಂದು ಮಧ್ಯಾಹ್ನ ಊಟದ ಹೊತ್ತಿಗೆ ಹೊರಗೆ ಹೋಗಿ ಅಮ್ಮನಿಗೆ ಫೋನ್ ಮಾಡಿದೆ. ಹುಳುಗಳಿಗೆ ಸೊಪ್ಪು ಹಾಕುತ್ತಿದ್ದಳೇನೋ, ಹಿಂದೆ ಅವು ಮೇಯುವ ಮಳೆಯಂಥ ಸದ್ದು ಕೇಳುತ್ತಿತ್ತು. ಮೊಟ್ಟೆಯ ಮಾತು ಹೇಳಿ, ಆ ಮನೆ ಬಿಟ್ಟುಬಿಡ್ತೀನಿ ಅಂದೆ. "ಬಿಡೀವಂತೆ. ಮೊದಲು ಆ ಹುಡುಗಿ ಹತ್ರ ಕೂತ್ಕೊ" ಅಂದಳು ಅಮ್ಮ. "ಮುದುಕಮ್ಮನ ಮೇಲೆ ಕೋಪ ಮಾಡ್ಕೋಬೇಡ. ಹೆದರಿದೋರು ಕೈಗೆ ಸಿಕ್ಕಿದ್ದನ್ನ ಹಿಡ್ಕೋತಾರೆ."

ವಾರ್ಡಿಗೆ ಹೋದೆ. ರೇಣುಕಾ ಮಂಚದ ಮೇಲೆ ಕೂತು ಕೂಸಿನ ಹೊಟ್ಟೆಯ ಕಡೆ ನೋಡಲಾರದೆ ಕಿಟಕಿ ನೋಡುತ್ತಿದ್ದಳು. ಹನುಮಕ್ಕ ನಮಗೆ ಬೆನ್ನು ಮಾಡಿ ನೆಲದ ಮೇಲೆ ಕೂತು ಬಟ್ಟೆ ಮಡಚುತ್ತಿದ್ದರು.

"ಅಕ್ಕಾ, ನಾನು ತಿಂಗಳು ತುಂಬೂತನಾ ಮಷೀನ್ ಬಿಡಲಿಲ್ಲ. ಅದಕ್ಕ ಹಿಂಗಾತೇನ್ರಿ?"

"ಇಲ್ಲ."

"ಅತ್ತಿ ಬ್ಯಾಡ ಅಂದಿದ್ದು ಮೊಟ್ಟಿ..."

"ಅದಕ್ಕೂ ಅಲ್ಲ. ಕೇಳಿಲ್ಲಿ" ಎಂದು ಅವಳ ಕೈ ಹಿಡಿದುಕೊಂಡು, ತರಗತಿಯಲ್ಲಿ ಹೇಳಿದ್ದನ್ನೇ ಹೇಳಿದೆ. ಪಠ್ಯದ ಮಾತು ಒಂದೂ ಬಾಯಿಗೆ ಬರಲಿಲ್ಲ. "ಕೂಸು ಹೊಟ್ಟೇಲಿ ಹುರುಳಿಕಾಳಿನಷ್ಟಿರುವಾಗ ಅದರ ಕತ್ತಿನ ಹತ್ರದಿಂದ ಕೆಲವು ಕಣಗಳು ಹೊರಡ್ತವೆ. ಜೊತೆಗಿದ್ದವನ್ನು ಬಿಟ್ಟು ಹೊರಡೋದೇ ಅವುಗಳ ಕೆಲಸ. ಕರುಳಿನುದ್ದಕ್ಕೂ ಹೋಗ್ತಾ ಹೋಗ್ತಾ ಒಂದು ಎರಡಾಗಿ, ಎರಡು ನಾಲ್ಕಾಗಿ ಹೆಚ್ಚಿಕೊಂಡು, ಕೊನೇತನಕ ಹೋಗ್ಬೇಕು. ನಮ್ಮ ಮೈಯಲ್ಲಿ ಇಷ್ಟು ದೂರ ಹೋಗೋವು ಬೇರೆ ಇಲ್ಲ. ಇವಳ ಕರುಳಲ್ಲಿ ಅವು ಹತ್ರಹತ್ರ ತುದಿಗೆ ಬಂದು ನಿಂತುಬಿಟ್ಟಿವೆ. ಒಂದು ಗೇಣೂ ಉಳಿದಿಲ್ಲ. ಯಾಕೆ ನಿಂತವು ಅನ್ನೋದು ಡಾಕ್ಟರಿಗೂ ಪೂರ್ತಿ ಗೊತ್ತಿಲ್ಲ. ಆದ್ರೆ ಆ ಪ್ರಯಾಣ ಎಲ್ಲ ಮೂರನೇ ತಿಂಗಳೊಳಗೆ ಮುಗಿದುಹೋಗುತ್ತೆ. ನೀನು ಮೊಟ್ಟೆ ನೋಡಿದ್ದು ಏಳರಲ್ಲಿ."

ರೇಣುಕಾ ಬೆರಳು ಮಡಚಿ ಲೆಕ್ಕ ಹಾಕಿದಳು. "ಮೂರರಾಗ ಅಂದ್ರ ಯುಗಾದಿ ಹೊತ್ತಿಗೆ. ಆಗಿನ್ನೂ ಯಾರಿಗೂ ಹೇಳಿದ್ದಿಲ್ರಿ. ನನಗ ಬಾಯಿಗೆ ರುಚಿ ಇಲ್ಲ ಅಂತ ಸುಮ್ಮನ ಇದ್ದೆ."

"ಅಷ್ಟೊತ್ತಿಗೆ ಎಲ್ಲ ಆಗಿಹೋಗಿತ್ತು."

ಅವಳು ಮೊದಲ ಸಲ ಕೂಸಿನ ಮೇಲಿನ ಬಟ್ಟೆ ಸರಿಸಿ, ಹೊಟ್ಟೆಯ ಮೇಲೆ ಕೆಂಪಗೆ ಗುಲಾಬಿ ಮೊಗ್ಗಿನಂತೆ ಕಾಣುತ್ತಿದ್ದ ಕರುಳಿನ ಬಾಯನ್ನು ನೋಡಿದಳು. ಹನುಮಕ್ಕನ ಕೈ ಬಟ್ಟೆ ಮಡಚುವುದನ್ನು ನಿಲ್ಲಿಸಿತ್ತು. ಆದರೆ ಅವರು ತಿರುಗಲಿಲ್ಲ.

ಮರುದಿನ ನೀರು ಹಿಡಿಯಲು ಹೋದಾಗ ಹನುಮಕ್ಕ ನನ್ನ ಹಿಂದೆಯೇ ಬಂದರು. ನಲ್ಲಿಯ ಪಕ್ಕದ ಕಟ್ಟೆಯ ಮೇಲೆ ಕೂತು ಕೇಳಿದರು:

"ಮೂರನೇ ತಿಂಗಳೊಳಗ ಅಂದ್ರಿ. ಎಲ್ಲಾ ಕೂಸಿಗೂ ಹಂಗೇನ್ರಿ?"

"ಎಲ್ಲಾ ಕೂಸಿಗೂ ಅಮ್ಮ."

"ನಂದೂ ಒಂದು ಹಿಂಗ ಹೋತ್ರಿ. ವೀರೇಶನಕಿಂತ ಮೊದಲಿಂದು. ಗಂಡು. ಹೊಟ್ಟಿ ಹಿಂಗ ಬಿಗದಿತ್ತು. ಹಸರು ಕಾರ್ಕೊಂಡು ಕಾರ್ಕೊಂಡು, ನಾಕು ದಿನಾ ಇದ್ದು ಹೋತು. ನಾನು ಎಂಟು ತಿಂಗಳಾಗಿದ್ದಾಗ ಕುಂಬಳಕಾಯಿ ಕೊಯ್ದಿದ್ದೆ. ಬಸುರಿ ಕುಂಬಳಕಾಯಿ ಕೊಯ್ಯಬಾರದಂತ. ನಮ್ಮತ್ತಿ ಸಾಯೂತನಾ ಅದನ್ನ ಅಂದ್ಲು. ಮಂದಿ ಮುಂದೂ ಅಂದ್ಲು. ನಾನೂ ಹೌದೇನೋ ಅನ್ಕೊಂಡ ಬಂದೀನಿ."

ಬಿಂದಿಗೆ ತುಂಬಿ ನೀರು ಹೊರಗೆ ಸುರಿಯುತ್ತಿತ್ತು. ನಲ್ಲಿ ನಿಲ್ಲಿಸಿದೆ.

"ಅದೂ ಇದೇ ಕಾಯಿಲೆ ಅಂತ ಈಗ ಯಾರಿಗೂ ಹೇಳೋಕಾಗಲ್ಲಮ್ಮ. ಇದೇ ಇರಬಹುದು. ಬೇರೆ ಏನೋ ಇರಬಹುದು. ಆದ್ರೆ ಕುಂಬಳಕಾಯಿಂದ ಮಾತ್ರ ಅಲ್ಲ."

"ಖರೇನಾ?" ಎಂದರು, ಮಗುವಿನ ಹಾಗೆ.

"ಖರೇ."

ಅವರು ಸೆರಗನ್ನು ಮುಖಕ್ಕೆ ಒತ್ತಿಕೊಂಡರು. ನಾನು ಪಕ್ಕದಲ್ಲಿ ಕೂತೆ. ಸ್ವಲ್ಪ ಹೊತ್ತಿನ ಮೇಲೆ ಬಿಂದಿಗೆಯನ್ನು ತಾವೇ ಎತ್ತಿ ಸೊಂಟಕ್ಕಿಟ್ಟುಕೊಂಡು, "ಅವತ್ತು ಕಾರಿನಾಗ ಅಂದಿದ್ದು ಮನಸಿನಾಗ ಇಟ್ಕೋಬ್ಯಾಡ್ರಿ. ಇದೂ ಹೋಗ್ತೈತಿ ಅಂತ ಅಂಜಿಕಿ ಆಗಿತ್ತು" ಅಂದರು.

ಊರಿಗೆ ಮರಳಿದ ಮೇಲೆ ಚಳಿಗಾಲವೆಲ್ಲ ಕೂಸು ನನ್ನ ಕೋಣೆಯಲ್ಲೇ ಬೆಳೆಯಿತು. ಕೆಳಗೆ ನೂಲಿನ ಧೂಳು ಹಾರಾಡುತ್ತದೆ, ಹೊಟ್ಟೆಯ ಮೇಲಿನ ಜಾಗ ಶುಭ್ರವಾಗಿರಬೇಕೆಂದು ಡಾಕ್ಟರಮ್ಮ ಹೇಳಿದ್ದರು. ನನ್ನ ಪುಸ್ತಕಗಳನ್ನು ಮೂಲೆಗೆ ಸರಿಸಿ ಕಿಟಕಿಯ ಹತ್ತಿರ ಸೀರೆಯ ಜೋಲಿ ಕಟ್ಟಿದೆವು. ಹನುಮಕ್ಕ ತಮ್ಮ ಹಳೆಯ ನೂಲಿನ ಸೀರೆಗಳನ್ನು ಕತ್ತರಿಸಿ, ಮಧ್ಯೆ ಮೆತ್ತನೆಯ ಮಡಿಕೆಯಿಟ್ಟು ಹೊಟ್ಟೆಪಟ್ಟಿ ಹೊಲಿದರು. ಜೀನ್ಸ್ ಹೊಲಿಯುವ ಮಷೀನಿನಲ್ಲಿ ಅಷ್ಟು ತೆಳು ಬಟ್ಟೆ ಸುಕ್ಕಾಗುತ್ತದೆಂದು ಕೈಯಲ್ಲೇ ಹೊಲಿದರು. ದಿನಕ್ಕೆ ಎಷ್ಟೋ ಸಲ ಪಟ್ಟಿ ಬದಲಿಸಿ, ಬೆಚ್ಚಗಿನ ನೀರಲ್ಲಿ ಸುತ್ತಲಿನ ಚರ್ಮ ಒರೆಸಿ, ಕೊಬ್ಬರಿ ಎಣ್ಣೆ ಹಚ್ಚುವುದು. ಮೊದಲ ವಾರ ರೇಣುಕಾ ಪಟ್ಟಿ ಬಿಚ್ಚಿ ಅತ್ತೆಯ ಕೈಗೆ ಬಿಟ್ಟುಬಿಡುತ್ತಿದ್ದಳು. ಸಂಕ್ರಾಂತಿ ಹೊತ್ತಿಗೆ ಅವಳು ಕೂಸಿನ ಜೊತೆ ಮಾತಾಡುತ್ತಲೇ ಎಲ್ಲ ಮಾಡಿ ಮುಗಿಸುತ್ತಿದ್ದಳು. ನಾನು ಸಂಜೆ ಬಂದರೆ ಕೂಸು ನನ್ನ ದನಿಗೆ ಕಾಲು ಬಡಿಯುತ್ತಿತ್ತು. ವೀರೇಶ ದಾರ ಹಿಡಿದು ಮೇಲೆ ಬಂದವನು ಕೆಲಸ ಮರೆತು ಜೋಲಿಯ ಪಕ್ಕ ನಿಂತುಬಿಡುತ್ತಿದ್ದ.

ನೋಡಲು ಬಂದ ಹೆಂಗಸರಲ್ಲಿ ಒಬ್ಬಳು ಒಮ್ಮೆ, "ಯಾವ ಪಾಪಕ್ಕೋ ಏನೋ" ಅಂದಳು. ಹನುಮಕ್ಕ ಪಟ್ಟಿ ಕಟ್ಟುತ್ತಲೇ ತಲೆಯೆತ್ತದೆ ಉತ್ತರ ಕೊಟ್ಟರು: "ಪಾಪ ಗೀಪ ಏನಿಲ್ಲವಾ. ನರ ಕತ್ತಿನಿಂದ ಬರಬೇಕಾಗಿತ್ತು. ದೂರ ನೋಡು, ದಣದು ನಿಂತಾವ." ನಾನು ದಣಿದವು ಎಂದು ಹೇಳಿರಲಿಲ್ಲ. ತಿದ್ದಲು ಮನಸ್ಸಾಗಲಿಲ್ಲ.

ಕೂಸಿಗೆ ಹೆಸರಿಟ್ಟಿರಲಿಲ್ಲ. ಎಲ್ಲ ಸರಿಹೋದ ಮೇಲೆ ತೊಟ್ಟಿಲು ಶಾಸ್ತ್ರ ಎಂದು ಮುಂದೂಡಿದ್ದೇ ಆಯಿತು. ಯುಗಾದಿ ಕಳೆದು, ಬೆಟ್ಟದ ಬಂಡೆಗಳು ಕಾದು ಊರೆಲ್ಲ ಬೇಯುತ್ತಿದ್ದಾಗ ಎರಡನೆಯ ಆಪರೇಷನ್ನಿಗೆ ಕರೆ ಬಂತು. ನಾನೂ ರಜೆ ಹಾಕಿ ಹೋದೆ.

ಬೆಳಿಗ್ಗೆ ನರ್ಸ್ ಬಾಗಿಲಿಗೆ ಬಂದು, "ಬೇಬಿ ಆಫ್ ರೇಣುಕಾ, ಕೊಡಿ" ಎಂದು ಕೈ ಚಾಚಿದಳು. ಕೂಸು ಹನುಮಕ್ಕನ ತೊಡೆಯ ಮೇಲಿತ್ತು. ಅವರು ಕೊಡಲಿಲ್ಲ.

"ಒಂದು ಸ್ವಲ್ಪ ತಡೀರಿ. ಹೆಸರಿಲ್ಲದ ಕೂಸನ್ನ ನಾನು ಒಳಗ ಕಳಸೂದಿಲ್ಲ. ಒಂದು ಹಂಗ ಹೋಗೇತಿ ನಂದು."

ನರ್ಸ್ ನನ್ನ ಮುಖ ನೋಡಿದಳು. ಹನುಮಕ್ಕ ಸೊಸೆಯ ಕಡೆ ತಿರುಗಿದರು.

"ನಿಮ್ಮವ್ವನ ಹೆಸರೇನು?"

ರೇಣುಕಾಗೆ ಪ್ರಶ್ನೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಆ ಕಡೆ ಮೊದಲ ಹೆಣ್ಣಿಗೆ ಗಂಡನ ಮನೆಯವರ ಹೆಸರೇ ಬರುವುದು. "ಪಾರ್ವತಿ" ಅಂದಳು, ಕೇಳಿಸಿತೋ ಇಲ್ಲವೋ ಎಂಬಷ್ಟು ಮೆಲ್ಲಗೆ.

ಹನುಮಕ್ಕ ಕೂಸಿನ ಕಿವಿಯ ಹತ್ತಿರ ಬಗ್ಗಿ ಆ ಹೆಸರನ್ನು ಮೂರು ಸಲ ಹೇಳಿದರು. ಆಮೇಲೆ ನರ್ಸಿನ ಕೈಗೆ ಕೊಟ್ಟರು. ಬಾಗಿಲು ಮುಚ್ಚಿತು. ವೀರೇಶ ಗೋಡೆಗೆ ಹಣೆ ಕೊಟ್ಟು ನಿಂತ. ರೇಣುಕಾ ಅತ್ತೆಯ ಭುಜಕ್ಕೆ ತಲೆಯಿಟ್ಟು ಕಣ್ಣು ಮುಚ್ಚಿದಳು. ಹನುಮಕ್ಕ ಅಲ್ಲಾಡದೆ ಕೂತರು.

ಮಧ್ಯಾಹ್ನ ಡಾಕ್ಟರಮ್ಮ ಹೊರಗೆ ಬಂದು, ನರವಿಲ್ಲದ ತುಂಡು ತೆಗೆದಿದ್ದೇವೆ, ಹೊಟ್ಟೆಯ ಮೇಲಿನ ಬಾಯಿ ಮುಚ್ಚಿ ಒಳ್ಳೆಯ ಕರುಳನ್ನು ಕೆಳಗೆ ಸೇರಿಸಿದ್ದೇವೆ, ಇನ್ನು ತಾನಾಗಿ ಕೆಲಸ ಮಾಡುವುದನ್ನು ಕಾಯಬೇಕು ಅಂದರು. ಆ ಕಾಯುವಿಕೆ ಆಪರೇಷನ್ನಿಗಿಂತ ಕಷ್ಟವಾಗಿತ್ತು. ಕೂಸಿನ ಮೈತುಂಬ ನಳಿಕೆಗಳು. ಹಾಲು ಕೊಡುವಂತಿಲ್ಲ. ಫ್ಯಾನಿನ ಗಾಳಿಯೂ ಬಿಸಿ. ಒಬ್ಬರು ಎದ್ದರೆ ಒಬ್ಬರು ಕೂತು, ಬಟ್ಟೆ ಸರಿಸಿ ನೋಡುವುದು, ಮತ್ತೆ ಮುಚ್ಚುವುದು.

ಮೂರನೆಯ ದಿನ ಹತ್ತು ಗಂಟೆಯ ಬಿಸಿಲು ಕಿಟಕಿಯಿಂದ ಮಂಚಕ್ಕೆ ಬಿದ್ದಿತ್ತು. ರೇಣುಕಾ ತಲೆ ಬಾಚಿಕೊಳ್ಳುತ್ತಿದ್ದಳು. ಕೂಸು ಮುಖ ಕೆಂಪಗೆ ಮಾಡಿಕೊಂಡು, ಮೊಣಕಾಲು ಮೇಲೆತ್ತಿ ಮುಲುಕಿತು. ಹನುಮಕ್ಕ ಬಟ್ಟೆ ಸರಿಸಿದರು. ನಮ್ಮಿಬ್ಬರನ್ನೂ ಕೈ ಬೀಸಿ ಕರೆದರು. ಹಳದಿ, ಮೆತ್ತಗೆ, ಎಲ್ಲ ಮಕ್ಕಳದೂ ಇರುವ ಹಾಗೆಯೇ. ಬಾಚಣಿಗೆ ಹಿಡಿದುಕೊಂಡೇ ರೇಣುಕಾ ನೆಲದ ಮೇಲೆ ಕುಸಿದು ಕೂತು ನಕ್ಕಳು, ನಗುತ್ತಲೇ ಅತ್ತಳು. ಪಕ್ಕದ ಮಂಚಗಳ ತಾಯಂದಿರೂ ಎದ್ದು ಬಂದು ನೋಡಿದರು. ಹನುಮಕ್ಕ ಆ ಬಟ್ಟೆಯನ್ನು ತಾವೇ ಒಗೆದು ತರುತ್ತೇನೆಂದು ಎದ್ದು, ಮತ್ತೆ ಕೂತು, ಇನ್ನೊಮ್ಮೆ ನೋಡಿದರು.

ಅಷ್ಟರಲ್ಲಿ ನರ್ಸ್ ಸರದಿಯಂತೆ ಮಂಚದಿಂದ ಮಂಚಕ್ಕೆ ಕೇಳುತ್ತಾ ನಮ್ಮ ಹತ್ತಿರ ಬಂದಳು.

"ಬೇಬಿ ಆಫ್ ರೇಣುಕಾ, ಮೋಷನ್ ಆಯ್ತಾ?"

"ಪಾರ್ವತಿ ಅನ್ರಿ ಆಕಿಗೆ" ಅಂದರು ಹನುಮಕ್ಕ. "ಆಗೇತಿ."